ಹದಿಹರೆಯದ ಕಾದಂಬರಿಯಲ್ಲಿ ಅಪ್ಪ ಯಾಕೆ ಬೈಕ್ ನಿಲ್ಲಿಸುತ್ತಾನೆ?

ಚಿಂತಾಮಣಿಯಲ್ಲಿರುವ ನನ್ನ ಅಕ್ಕನ ಮಗಳು ಎಸ್ಸೆಸ್ಸೆಲ್ಸಿ ಪರೀಕ್ಷೆ ಮುಗಿಸಿದ ವಾರ ಅವಳಿಗೊಂದು ಕಾದಂಬರಿ ಕೊಟ್ಟೆ. ಮನೆಯವರ ಮಾತಿಗೂ ತನ್ನ ಆಸೆಗೂ ನಡುವೆ ಸಿಕ್ಕಿಕೊಂಡ ಒಬ್ಬ ಹುಡುಗಿಯ ಕತೆ. ಎರಡೇ ರಾತ್ರಿಯಲ್ಲಿ ಓದಿ ಮುಗಿಸಿದಳು. ಮೂರನೇ ದಿನ ಬೆಳಗ್ಗೆ ಫೋನ್ ಮಾಡಿದವಳು ಚೆನ್ನಾಗಿದ್ದೀರಾ ಅಂತಲೂ ಕೇಳಲಿಲ್ಲ. "ಚಿಕ್ಕಮ್ಮ, ಆ ಅಮ್ಮ ಯಾಕೆ ಹಂಗೆ ಮಾಡಿದ್ಳು? ನಂಗೆ ಎಷ್ಟು ಕೋಪ ಬಂತು ಗೊತ್ತಾ?"

ನನಗೆ ಆ ಪುಸ್ತಕದಲ್ಲಿ ಎಲ್ಲರಿಗಿಂತ ಜಾಸ್ತಿ ಇಷ್ಟವಾದವಳೇ ಆ ಅಮ್ಮ. ಅರ್ಧ ಗಂಟೆ ಜಗಳವಾಡಿದೆವು. ಹಿಂದಿನಿಂದ ಅಕ್ಕ "ಏನ್ರೇ ಅದು, ಆಸ್ತಿ ಜಗಳ ಆಡ್ದಂಗೆ ಆಡ್ತಿದ್ದೀರ" ಅನ್ನುವುದು ಕೇಳಿಸುತ್ತಿತ್ತು.

ಫೋನ್ ಇಟ್ಟ ಮೇಲೆ ಸುಮಾರು ಹೊತ್ತು ಅದನ್ನೇ ಯೋಚಿಸಿದೆ. ಇಬ್ಬರೂ ಓದಿದ್ದು ಅದೇ ಪುಟಗಳು. ಅವಳು ಮಗಳ ಪಕ್ಷ, ನಾನು ಅಮ್ಮನ ಪಕ್ಷ. ಬರೆದವರು ಯಾರ ಪಕ್ಷ? ಹುಡುಕಿದರೆ ಸಿಗುವುದಿಲ್ಲ. ಇಂಥ ಕಾದಂಬರಿಯ ಕಷ್ಟದ ಕೆಲಸ ಅದೇ. ಅದರ ಒಳಗಿನ ಕಟ್ಟೋಣ ಸ್ವಲ್ಪ ಗೊತ್ತಿದ್ದರೆ ಓದುವ ಸುಖ ಇನ್ನೂ ಹೆಚ್ಚುತ್ತದೆ. ಅದನ್ನೇ ಬಿಡಿಸಿ ಹೇಳೋಣ ಅಂತ ಕೂತಿದ್ದೇನೆ.

ಮೊದಲು ಹೆಸರಿನ ವಿಷಯ. ಇಂಗ್ಲಿಷಿನವರು ಇದನ್ನು 'ಯಂಗ್ ಅಡಲ್ಟ್' ಕಾದಂಬರಿ ಅನ್ನುತ್ತಾರೆ. ಸುಮಾರು 12ರಿಂದ 18 ವರ್ಷದವರನ್ನು ಮನಸ್ಸಿನಲ್ಲಿಟ್ಟುಕೊಂಡು ಬರೆದದ್ದು. ನಾವು ಹದಿಹರೆಯದವರ ಕಾದಂಬರಿ ಅನ್ನಬಹುದು. ಆದರೆ ಓದುವವರ ವಯಸ್ಸಿಗಿಂತ ದೊಡ್ಡ ಗುರುತು ಒಂದಿದೆ. ಕತೆ ಹೇಳುವ ದನಿಯೂ ಸಾಮಾನ್ಯವಾಗಿ ಅದೇ ವಯಸ್ಸಿನದು. ದೊಡ್ಡವರಾದ ಮೇಲೆ ಹಿಂದಕ್ಕೆ ತಿರುಗಿ, "ಆಗ ನನಗೇನೂ ತಿಳೀತಿರಲಿಲ್ಲ" ಅನ್ನುವ ನೆನಪಿನ ಕತೆ ಬೇರೆ. ಇಲ್ಲಿ ಹೇಳುವವಳಿಗೆ ನಾಳೆ ಏನಾಗುತ್ತದೆ ಅಂತ ಗೊತ್ತಿಲ್ಲ. ಮನೆಯವರು ಯಾಕೆ ಹಾಗೆ ಆಡುತ್ತಾರೆ ಅಂತಲೂ ಗೊತ್ತಿಲ್ಲ.

ಅಮೆರಿಕದಲ್ಲಿ ಈ ಬಗೆಯ ಬರಹಕ್ಕೆ ದೊಡ್ಡ ದಾರಿ ಮಾಡಿಕೊಟ್ಟದ್ದು 1967ರಲ್ಲಿ ಬಂದ 'ದಿ ಔಟ್‌ಸೈಡರ್ಸ್'. ಬರೆದ ಎಸ್.ಇ. ಹಿಂಟನ್‌ಗೆ ಪುಸ್ತಕ ಬಂದಾಗ 18 ವರ್ಷ. ಬರೆಯಲು ಶುರು ಮಾಡಿದಾಗ 15. ಹುಡುಗರ ಹೊಡೆದಾಟದ ಕತೆ ಬರೆದದ್ದು ಹುಡುಗಿ ಅಂತ ಗೊತ್ತಾದರೆ ವಿಮರ್ಶಕರು ಹಗುರವಾಗಿ ತೆಗೆದುಕೊಳ್ಳುತ್ತಾರೆ ಅಂತ ಪ್ರಕಾಶಕರು ಇನಿಷಿಯಲ್ ಮಾತ್ರ ಹಾಕಿಸಿದರು. ಜನ ಅದನ್ನು ಹೊಡೆದಾಟದ ಕತೆ ಅಂತಲೇ ನೆನಪಿಟ್ಟುಕೊಂಡಿದ್ದಾರೆ. ನನ್ನನ್ನು ಕಾಡುವುದು ಅದರ ದೊಡ್ಡಣ್ಣ. ಅಪ್ಪ ಅಮ್ಮ ಅಪಘಾತದಲ್ಲಿ ಹೋದ ಮೇಲೆ ಇಬ್ಬರು ತಮ್ಮಂದಿರನ್ನು ಸಾಕಲು ಕಾಲೇಜಿನ ಆಸೆ ಬಿಟ್ಟವನು. ಕತೆ ಹೇಳುವವನು 14 ವರ್ಷದ ಕೊನೇ ತಮ್ಮ. ಅವನ ಕಣ್ಣಿಗೆ ಅಣ್ಣ ಅಂದರೆ ಸದಾ ಬೈಯುವವನು. ಅಣ್ಣ ಬಿಟ್ಟುಕೊಟ್ಟದ್ದು ಎಷ್ಟು ಅಂತ ತಮ್ಮನಿಗಿಂತ ಮೊದಲು ಓದುವ ನಮಗೆ ತಿಳಿಯುತ್ತದೆ. ಇಂಥ ಅಣ್ಣಂದಿರು, ಅಕ್ಕಂದಿರು ನಮ್ಮ ಕಡೆ ಊರಿಗೆ ನಾಲ್ಕು ಜನ ಸಿಗುತ್ತಾರೆ, ಅಲ್ವಾ?

ಕನ್ನಡದಲ್ಲಿ ಮಕ್ಕಳ ಪುಸ್ತಕಗಳಿವೆ, ದೊಡ್ಡವರ ದೊಡ್ಡ ಕಾದಂಬರಿಗಳಿವೆ. ಮಧ್ಯದ ಕಪಾಟು ಮಾತ್ರ ತೆಳ್ಳಗಿದೆ. ಕೇಂದ್ರ ಸಾಹಿತ್ಯ ಅಕಾಡೆಮಿ 2010ರಲ್ಲಿ ಬಾಲ ಸಾಹಿತ್ಯ ಪುರಸ್ಕಾರವನ್ನೂ 2011ರಲ್ಲಿ ಯುವ ಪುರಸ್ಕಾರವನ್ನೂ ಶುರು ಮಾಡಿತು. ಯುವ ಅಂದ ತಕ್ಷಣ ಹದಿಹರೆಯದ ಓದುಗರಿಗೆ ಅಂದುಕೊಳ್ಳಬೇಡಿ. ಅಲ್ಲಿ ಲೆಕ್ಕಕ್ಕೆ ಬರುವುದು ಬರೆಯುವವರ ವಯಸ್ಸು. ಅವರು 35 ದಾಟಿರಬಾರದು. ಹದಿನೈದು ವರ್ಷದ ಓದುಗಳಿಗೆ ಅಂತಲೇ ಬರೆದ ಕನ್ನಡ ಪುಸ್ತಕ ಹುಡುಕಲು ಹೋದರೆ ಸ್ವಲ್ಪ ಅಲೆಯಬೇಕಾಗುತ್ತದೆ. ಇದು ನನಗೆ ನಿಜವಾಗಿ ಬೇಜಾರಿನ ವಿಷಯ.

ಸರಿ, ಕಟ್ಟೋಣಕ್ಕೆ ಬರೋಣ. ಅಕ್ಕನ ಮಗಳಿಗೆ ವಿವರಿಸಲು ನಾನೇ ಒಂದು ಕತೆ ಕಟ್ಟಿದೆ. ಶಿಡ್ಲಘಟ್ಟದ ಹತ್ತಿರ ಒಂದು ಹಳ್ಳಿ. ರೇಷ್ಮೆ ಹುಳು ಸಾಕುವ ಮನೆ. ಹದಿನೈದು ವರ್ಷದ ಹುಡುಗಿಗೆ ರೈಲು ಓಡಿಸಬೇಕು ಅಂತ ಆಸೆ. ಮನೆಯಲ್ಲಿ ನರ್ಸಿಂಗ್ ಓದಲಿ ಅಂತ ತೀರ್ಮಾನವಾಗಿದೆ. ಅಪ್ಪ ಭಾನುವಾರ ಅವಳನ್ನು ಬೈಕಿನಲ್ಲಿ ಟ್ಯೂಷನ್‌ಗೆ ಬಿಡುತ್ತಾನೆ. ದಾರಿಯಲ್ಲಿ ರೈಲ್ವೆ ಗೇಟು. ಹುಡುಗಿ ಹೀಗೆ ಹೇಳುತ್ತಾಳೆ ಅಂದುಕೊಳ್ಳಿ:

"ಇವತ್ತೂ ಲೇಟು. ಗೇಟ್ ಇನ್ನೂ ಹಾಕಿರಲಿಲ್ಲ, ದಾಟಿಬಿಡಬಹುದಿತ್ತು. ಅಪ್ಪ ಈ ಕಡೆಯೇ ಬೈಕ್ ನಿಲ್ಲಿಸಿ ಬೀಡಿ ಹಚ್ಚಿದ. ಅಷ್ಟರಲ್ಲಿ ಗೇಟ್ ಹಾಕಿಬಿಟ್ಟರು. ರೈಲು ಹೋಗುವವರೆಗೂ ನಿಂತೆವು. ಅಪ್ಪ ಒಂದು ದಮ್ಮು ಎಳೆದು ಸುಮ್ನೆ ಕೈಯಲ್ಲಿ ಹಿಡಿದುಕೊಂಡಿದ್ದ. ಬೀಡಿ ಆರಿಹೋಯಿತು. ಪ್ರತಿ ವಾರ ಇದೇ ಗೋಳು. ನನ್ನ ಟ್ಯೂಷನ್ ಬಗ್ಗೆ ಅಪ್ಪಂಗೆ ಚಿಂತೆನೇ ಇಲ್ಲ."

ಇಷ್ಟು ಓದಿ ಹೇಳಿದೆ. ಫೋನಿನ ಆ ಕಡೆ ಸ್ವಲ್ಪ ಹೊತ್ತು ಸದ್ದಿಲ್ಲ. ಆಮೇಲೆ, "ಅಯ್ಯೋ, ರೈಲು ತೋರಿಸಕ್ಕೆ ನಿಲ್ಲಿಸಿದ್ನಾ?" ಅಂದಳು.

ನಾನು ಎಲ್ಲಿಯೂ ಹಾಗೆ ಹೇಳಿರಲಿಲ್ಲ. ಹುಡುಗಿಯಂತೂ ಅದಕ್ಕೆ ತದ್ವಿರುದ್ಧ ಹೇಳಿದ್ದಳು. ಆದರೂ ಇವಳಿಗೆ ಗೊತ್ತಾಯಿತು. ಹೇಗೆ? ಬೀಡಿಯಿಂದ. ಬೀಡಿ ಸೇದುವವರನ್ನು ನೋಡಿದವರಿಗೆ ಗೊತ್ತು, ಎಳೆಯುತ್ತಾ ಇರದಿದ್ದರೆ ಅದು ಆರಿಹೋಗುತ್ತದೆ. ಆರಿಹೋಯಿತು ಅಂದರೆ ಅಪ್ಪನ ಗಮನ ಬೀಡಿಯ ಮೇಲೆ ಇರಲಿಲ್ಲ. ಪ್ರತಿ ವಾರ ಅದೇ ಹೊತ್ತಿಗೆ, ಅದೇ ಜಾಗದಲ್ಲಿ ನಿಲ್ಲಿಸುತ್ತಾನೆ ಅಂದರೆ ರೈಲಿನ ಟೈಮು ಅವನಿಗೆ ಗೊತ್ತಿದೆ. ಹುಡುಗಿ ಎಲ್ಲವನ್ನೂ ನೋಡಿದ್ದಾಳೆ. ನೋಡಿದ್ದನ್ನೆಲ್ಲ ನಮಗೆ ಒಪ್ಪಿಸಿಯೂ ಇದ್ದಾಳೆ. ಅದರ ಅರ್ಥ ಮಾತ್ರ ಅವಳಿಗೆ ಹೊಳೆದಿಲ್ಲ, ಯಾಕೆಂದರೆ ಅವಳು ಕೋಪದಲ್ಲಿದ್ದಾಳೆ.

ಕುಟುಂಬದ ಕತೆ ಹೇಳುವ ಒಳ್ಳೆಯ ಹದಿಹರೆಯದ ಕಾದಂಬರಿಯ ಗುಟ್ಟು ಇದು. ಹೇಳುವವಳಿಗೆ ಕಾಣುವುದಕ್ಕಿಂತ ಓದುವವಳಿಗೆ ಒಂದು ಹಿಡಿ ಜಾಸ್ತಿ ಕಾಣಬೇಕು. ಆ ಒಂದು ಹಿಡಿಯನ್ನು ಬರೆದವರು ನೇರವಾಗಿ ಕೊಡುವಂತಿಲ್ಲ. "ಅಪ್ಪ ನನಗಾಗಿ ನಿಲ್ಲಿಸುತ್ತಿದ್ದ ಅಂತ ಆಮೇಲೆ ಗೊತ್ತಾಯಿತು" ಅಂತ ಒಂದು ಸಾಲು ಸೇರಿಸಿ ನೋಡಿ. ಎಲ್ಲ ಹಾಳು. ನಾವೇ ಕಂಡುಕೊಳ್ಳಬೇಕಾಗಿದ್ದನ್ನು ಯಾರೋ ಕೈಗೆ ತುರುಕಿದ ಹಾಗಾಗುತ್ತದೆ. ಸುಳಿವನ್ನು ದೂರಿನೊಳಗೆ ಬಚ್ಚಿಡಬೇಕು. ಹುಡುಗಿ ಗೊಣಗುತ್ತಿರುವಾಗ ನಮ್ಮ ಕಣ್ಣು ಗೊಣಗಾಟದ ಮೇಲಿರುತ್ತದೆ, ಅದರ ಪಕ್ಕದಲ್ಲಿ ಬೀಡಿ ಆರಿರುತ್ತದೆ.

ಅಕ್ಕನ ಮಗಳು ಮತ್ತು ನಾನು ಬೇರೆ ಬೇರೆ ಪುಸ್ತಕ ಓದಿದ ಹಾಗಾದದ್ದು ಇದರಿಂದಲೇ. ಹದಿನಾರರ ಓದುಗಳು ದೂರನ್ನು ಮೊದಲು ಕೇಳಿಸಿಕೊಳ್ಳುತ್ತಾಳೆ, ಯಾಕೆಂದರೆ ಅದು ಅವಳದ್ದೇ ದೂರು. ನಲವತ್ತು ದಾಟಿದ ನಾನು ಬೀಡಿಯನ್ನು ಮೊದಲು ನೋಡುತ್ತೇನೆ. ಎರಡೂ ಸರಿಯಾದ ಓದೇ. ಅವಳ ಓದಿನಲ್ಲಿರುವ ಕಾವು ನನ್ನ ಓದಿನಲ್ಲಿ ಇಲ್ಲ ಅಂತ ಒಪ್ಪಿಕೊಳ್ಳುತ್ತೇನೆ. ಎರಡು ರಾತ್ರಿ ನಿದ್ದೆಗೆಟ್ಟು ಓದಿದ್ದು ಅವಳು.

ಇನ್ನು ಮನೆಯವರ 'ಬೇಡ' ಅನ್ನುವ ಮಾತು. ಸಾಧಾರಣ ಪುಸ್ತಕದಲ್ಲಿ ಅಪ್ಪ ಅಮ್ಮ ಅಡ್ಡಗೋಡೆ. ಹಾರಿದರೆ ಕತೆ ಮುಗಿಯಿತು. ಒಳ್ಳೆಯ ಪುಸ್ತಕದಲ್ಲಿ ಆ 'ಬೇಡ'ದ ಹಿಂದೆ ಒಂದು ಲೆಕ್ಕ ಇರುತ್ತದೆ, ಮತ್ತು ಆ ಲೆಕ್ಕ ಒಮ್ಮೆಯಾದರೂ ನಮ್ಮ ಕಣ್ಣಿಗೆ ಬೀಳುತ್ತದೆ. ನಮ್ಮ ಸೀಮೆಯಲ್ಲಿ ಆ ಲೆಕ್ಕ ಹುಡುಕಲು ಕಷ್ಟವಿಲ್ಲ. ಕೋಲಾರ, ಚಿಕ್ಕಬಳ್ಳಾಪುರದಲ್ಲಿ ವರ್ಷವಿಡೀ ಹರಿಯುವ ಹೊಳೆ ಒಂದೂ ಇಲ್ಲ. ಕೆರೆ ಬತ್ತಿದರೆ ಬೋರ್‌ವೆಲ್. ಅದೂ ಸಾವಿರ ಅಡಿ ದಾಟಿದರೂ ನೀರು ಬಂದೇ ಬರುತ್ತದೆ ಅನ್ನುವ ಹಾಗಿಲ್ಲ. ಸಾಲ ಮಾಡಿ ಕೊರೆಸಿದ ಎರಡು ಬೋರು ಫೇಲಾದ ಮನೆಯಲ್ಲಿ, ಗೂಡಿನ ರೇಟು ಮಾರ್ಕೆಟ್ಟಿಗೆ ಹೋಗುವವರೆಗೆ ಎಷ್ಟು ಅಂತ ಗೊತ್ತಿಲ್ಲದ ಮನೆಯಲ್ಲಿ, 'ನರ್ಸಿಂಗ್' ಅನ್ನುವ ಪದಕ್ಕೆ ಏನು ಅರ್ಥ? ತಿಂಗಳಿಗೆ ಒಂದು ತಾರೀಕಿಗೆ ಬರುವ ಸಂಬಳ. ಅಮ್ಮ ಮಗಳ ಆಸೆಯನ್ನು ಮುರಿಯುತ್ತಿಲ್ಲ. ಇನ್ನೊಂದು ಬೋರು ಫೇಲಾಗುವುದನ್ನು ತಡೆಯುತ್ತಿದ್ದಾಳೆ. ಇದು ಗೊತ್ತಾದ ಮೇಲೆ ಜಗಳ ನಿಲ್ಲುವುದಿಲ್ಲ, ಇನ್ನೂ ಕಷ್ಟವಾಗುತ್ತದೆ. ತಪ್ಪು ಮಾಡಿದವರ ಜೊತೆ ಜಗಳವಾಡುವುದು ಸುಲಭ. ಸರಿಯಿರುವವರ ಜೊತೆ ಹೇಗೆ ಆಡುವುದು?

"ಹುಡುಗೀರು ನಿಜವಾಗ್ಲೂ ರೈಲು ಓಡಿಸ್ತಾರಾ ಚಿಕ್ಕಮ್ಮ?" ಅಂತ ಇವಳು ಮಧ್ಯದಲ್ಲಿ ಕೇಳಿದಳು. ಓಡಿಸುತ್ತಾರೆ. ಮಹಾರಾಷ್ಟ್ರದ ಸಾತಾರಾದ ರೈತರ ಮನೆಯ ಮಗಳು ಸುರೇಖಾ ಯಾದವ್ 1980ರ ದಶಕದಲ್ಲೇ ರೈಲು ಚಾಲಕಿಯಾದರು. 2023ರಲ್ಲಿ ವಂದೇ ಭಾರತ್ ರೈಲನ್ನೂ ಓಡಿಸಿದರು. ದಾರಿಯೂ ಕಾಣದಂಥದ್ದಲ್ಲ. ಎಸ್ಸೆಸ್ಸೆಲ್ಸಿ ಆದ ಮೇಲೆ ಐಟಿಐ ಅಥವಾ ಡಿಪ್ಲೊಮಾ, 18 ತುಂಬಿರಬೇಕು, ರೈಲ್ವೆಯ ಪರೀಕ್ಷೆಗಳು, ಆಮೇಲೆ ಸಹಾಯಕ ಲೋಕೋ ಪೈಲಟ್, ಅಂದರೆ ರೈಲು ಓಡಿಸುವವರ ಜೊತೆಗಿರುವ ಸಹಾಯಕ ಚಾಲಕಿ. ಒಂದೇ ಒಂದು ಗಟ್ಟಿ ಷರತ್ತು ಕಣ್ಣು. ಕನ್ನಡಕ ಇಲ್ಲದೆ ಎರಡೂ ಕಣ್ಣು 6/6 ಇರಬೇಕು.

ಈ ವಿವರ ಸುಮ್ನೆ ಹೇಳಲಿಲ್ಲ. ಕಾದಂಬರಿಗೆ ಕನಸಿನ ಕೆಲಸದ ಒಳವಿವರ ಬೇಕೇ ಬೇಕು. "ದೊಡ್ಡದೇನನ್ನೋ ಸಾಧಿಸಬೇಕು" ಅನ್ನುವ ಪಾತ್ರದ ಮೇಲೆ ಯಾರಿಗೂ ಮರುಕ ಹುಟ್ಟುವುದಿಲ್ಲ. ಈಗ ನಮ್ಮ ಹುಡುಗಿಗೆ ಹಿಂದಿನ ಬೆಂಚಿನಿಂದ ಬೋರ್ಡು ಮಂಜಾಗಿ ಕಾಣುತ್ತಿದೆ ಅಂದುಕೊಳ್ಳಿ. ಅವಳು ಯಾರಿಗೂ ಹೇಳಿಲ್ಲ. ಹೇಳಿದರೆ ಕನ್ನಡಕ ಬರುತ್ತದೆ, ಕನ್ನಡಕ ಬಂದರೆ ರೈಲು ಹೋಗುತ್ತದೆ. ನೋಡಿ, ಈಗ ಕತೆಯಲ್ಲಿ ಎರಡು ತೊಡಕಾದವು. ಒಂದರ ಜೊತೆ ಜಗಳವಾಡಬಹುದು, ಅದು ಮನೆ. ಇನ್ನೊಂದರ ಜೊತೆ ಜಗಳವಾಡಲು ಆಗುವುದಿಲ್ಲ, ಅದು ಅವಳದ್ದೇ ಕಣ್ಣು. ಮನೆಯವರ ಮೇಲೆ ಅವಳು ಕೂಗಾಡುವಾಗ ಅರ್ಧ ಕೂಗು ಆ ಎರಡನೆಯದರ ಮೇಲೆ. ಹದಿಹರೆಯದ ಕೋಪ ಹಾಗೇ ಅಲ್ವಾ, ಎಲ್ಲಿಯದೋ ಎಲ್ಲಿಗೋ ಹೋಗಿ ಬೀಳುತ್ತದೆ. ಇದನ್ನು ಹೇಳಿದಾಗ ಇವಳು ಬಹಳ ಹೊತ್ತು ಮಾತಾಡಲಿಲ್ಲ. ನಾನೂ ಕೇಳಲಿಲ್ಲ.

ಇಂಥ ಪುಸ್ತಕ ಓದುವ ಮಕ್ಕಳು ಸಾಮಾನ್ಯವಾಗಿ ಬೇಜಾರು ಮಾಡಿಕೊಳ್ಳುವ ಒಂದು ಜಾಗವಿದೆ. ಅರ್ಧ ದಾಟಿದ ಮೇಲೆ ಒಂದೆರಡು ಅಧ್ಯಾಯ ಏನೂ ನಡೆಯುವುದಿಲ್ಲ. ಜಗಳವಿಲ್ಲ, ಓಡಿಹೋಗುವುದಿಲ್ಲ, ಪರೀಕ್ಷೆಯಿಲ್ಲ. ಹುಡುಗಿ ಬಟ್ಟೆ ಒಗೆಯುತ್ತಾಳೆ, ಅಜ್ಜಿಯ ಕಾಲು ಒತ್ತುತ್ತಾಳೆ. ಇವಳು ಆ ಭಾಗ ಹಾರಿಸಿ ಓದಿದ್ದಳು. ಹಾರಿಸಬೇಡ ಅಂತ ಹೇಳಲು ನನಗೆ ನಮ್ಮ ತವರಿನ ಹುಳದ ಮನೆ ನೆನಪಾಯಿತು. ರೇಷ್ಮೆ ಹುಳು ಮರಿಯಾದಾಗಿನಿಂದ ಹಣ್ಣಾಗುವವರೆಗೆ, ಅಂದರೆ ಗೂಡು ಕಟ್ಟಲು ತಯಾರಾಗುವವರೆಗೆ, ಸುಮಾರು 25 ದಿನ. ಅಷ್ಟರೊಳಗೆ ನಾಲ್ಕು ಸಲ ಜ್ವರಕ್ಕೆ ಕೂರುತ್ತದೆ. ಜ್ವರ ಅಂದರೆ ಕಾಯಿಲೆ ಅಲ್ಲ, ಪೊರೆ ಬಿಡುವ ಹೊತ್ತಿಗೆ ನಮ್ಮ ಕಡೆಯ ಹೆಸರು. ಆಗ ಹುಳು ಸೊಪ್ಪು ತಿನ್ನುವುದಿಲ್ಲ. ತಲೆ ಎತ್ತಿಕೊಂಡು ಅಲ್ಲಾಡದೆ ಇರುತ್ತದೆ. ನಾವು ಸೊಪ್ಪು ಹಾಕುವುದು ನಿಲ್ಲಿಸಿ, ಹಾಸಿಗೆ ಒಣಗಿರಲಿ ಅಂತ ಸುಣ್ಣದ ಪುಡಿ ಉದುರಿಸಿ, ಮುಟ್ಟದೆ ಬಿಡುತ್ತಿದ್ದೆವು. ನೋಡಿದವರಿಗೆ ಸತ್ತ ಹಾಗೆ. ಒಳಗೆ ಹಳೆ ಚರ್ಮ ಬಿಡಿಸಿಕೊಳ್ಳುವ ಕೆಲಸ ನಡೆದಿರುತ್ತದೆ. ನಾಲ್ಕನೇ ಜ್ವರ ಎದ್ದ ಮೇಲೆ ಶುರುವಾಗುವ ಹಸಿವು ಕೇಳಬೇಡಿ. ತನ್ನ ಇಡೀ ಆಯುಸ್ಸಿನಲ್ಲಿ ತಿನ್ನುವ ಸೊಪ್ಪಿನಲ್ಲಿ ಮುಕ್ಕಾಲಿಗಿಂತ ಜಾಸ್ತಿಯನ್ನು ಆ ಕೊನೆಯ ಏಳೆಂಟು ದಿನದಲ್ಲೇ ತಿನ್ನುತ್ತದೆ. ರಾತ್ರಿ ಹುಳದ ಮನೆಯಲ್ಲಿ ಮಳೆ ಸುರಿದ ಹಾಗೆ ಸದ್ದು.

ಕಾದಂಬರಿಯ ಆ ಸಪ್ಪೆ ಅಧ್ಯಾಯ ಜ್ವರಕ್ಕೆ ಕೂತ ಹುಳು. ಬಟ್ಟೆ ಒಗೆಯುವಾಗ ಅಪ್ಪನ ಜೇಬಿನಲ್ಲಿ ಏನು ಸಿಕ್ಕಿತು, ಅಜ್ಜಿ ಕಾಲು ಒತ್ತಿಸಿಕೊಳ್ಳುತ್ತಾ ಯಾವ ಹಳೇ ಮಾತು ತೆಗೆದಳು, ಅದರಲ್ಲೇ ಹುಡುಗಿ ಬದಲಾಗುತ್ತಿರುತ್ತಾಳೆ. ಅದನ್ನು ಬಿಟ್ಟು ಕೊನೆಗೆ ಹೋದರೆ ಅವಳು ಅಪ್ಪನ ಎದುರು ನಿಂತು ಮಾತಾಡುವ ಧೈರ್ಯ ಎಲ್ಲಿಂದ ಬಂತು ಅಂತ ಗೊತ್ತಾಗುವುದಿಲ್ಲ.

ಅಜ್ಜಿಯ ಮಾತು ಬಂತಲ್ಲ. ನಮ್ಮ ಸೀಮೆಯ ಎಷ್ಟೋ ಮನೆಗಳಲ್ಲಿ ಒಳಗೆ ತೆಲುಗು, ಶಾಲೆಯಲ್ಲಿ ಕನ್ನಡ, ಮುಂದಿನ ಕೆಲಸದ ಹೆಸರು ಇಂಗ್ಲಿಷಿನಲ್ಲಿ. 'ಲೋಕೋ ಪೈಲಟ್' ಅಂತ ಹುಡುಗಿ ಹೇಳಿದರೆ ಅಜ್ಜಿ, "ರೈಲು ತೋಲ್ತಾವಾ?" ಅಂತ ಕೇಳಬಹುದು. ತೋಲುವುದು ಅಂದರೆ ಎತ್ತಿನ ಗಾಡಿ ಹೊಡೆಯುವುದು. ಹುಡುಗಿಗೆ ಅವಮಾನ ಅನ್ನಿಸಬಹುದು. ಆದರೆ ಆ ಒಂದು ಪದದಿಂದ ಅಜ್ಜಿ ಮೊಮ್ಮಗಳ ಕನಸನ್ನು ತಾತ ಮಾಡುತ್ತಿದ್ದ ಕೆಲಸದ ಪಕ್ಕಕ್ಕೆ ತಂದು ಕೂರಿಸಿಬಿಟ್ಟಳು. ಗಾಡಿ ಹೊಡೆಯುವವರ ಮನೆಯಿಂದ ಗಾಡಿ ಹೊಡೆಯುವವಳೇ ಬಂದಳು ಅಂದ ಹಾಗೆ. ಇನ್ನೊಂದು ಉಂಟು. ದಿನಾ "ಏನೇ, ಬಾರೇ" ಅನ್ನುವ ಅಮ್ಮ ಒಂದು ದಿನ "ನೀವು ದೊಡ್ಡೋರು ಕಣಮ್ಮ, ನಿಮ್ಮಿಷ್ಟ" ಅಂದರೆ ಸಾಕು. ಆ ಬಹುವಚನದಲ್ಲಿ ಇಡೀ ಮನೆಯ ಮುನಿಸು ಇರುತ್ತದೆ. ಕುಟುಂಬದ ಕತೆಗೆ ನಮ್ಮ ಭಾಷೆ ಎಷ್ಟು ಹದವಾಗಿದೆ ಅಂತ ನನಗೆ ಇಂಥ ಕಡೆಯೆಲ್ಲ ಅನ್ನಿಸುತ್ತದೆ.

ನಮ್ಮ ಕಡೆ ಮಕ್ಕಳಿಗೆ ಕನಸಿನ ಕತೆ ಹೇಳುವವರು ಇಲ್ಲವೆಂದಲ್ಲ. ಮುದ್ದೇನಹಳ್ಳಿಯ ಸರ್ ಎಂ.ವಿ. ಹೆಸರು ಕೇಳದೆ ಚಿಕ್ಕಬಳ್ಳಾಪುರದಲ್ಲಿ ಯಾರೂ ಬೆಳೆಯುವುದಿಲ್ಲ. ಗೌರಿಬಿದನೂರು ತಾಲ್ಲೂಕಿನ ಹೊಸೂರಿನ ಎಚ್. ನರಸಿಂಹಯ್ಯನವರು ಓದಲು ಬೆಂಗಳೂರಿಗೆ ನಡೆದುಕೊಂಡೇ ಹೋದದ್ದು, ಮುಂದೆ ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಯಾದದ್ದು, ಇವನ್ನು ನಾನೂ ಹೆಮ್ಮೆಯಿಂದ ಹೇಳುತ್ತೇನೆ. ಆದರೆ ಸಾಧಕರ ಕತೆಯ ತುದಿ ನಮಗೆ ಮೊದಲೇ ಗೊತ್ತು. ಅವರು ಗೆದ್ದದ್ದರಿಂದಲೇ ಆ ಕತೆ ನಮ್ಮವರೆಗೆ ಬಂದಿದೆ. ಹಾಗಾಗಿ ಅವರ ಅಂಜಿಕೆ ನಮಗೆ ಅಷ್ಟಾಗಿ ತಟ್ಟುವುದಿಲ್ಲ. ಕಾದಂಬರಿಯ ಹುಡುಗಿಗೆ ಆ ಭದ್ರತೆ ಇಲ್ಲ. ಅವಳು ಗೆಲ್ಲದೆಯೂ ಹೋಗಬಹುದು. ಹದಿನಾರು ವರ್ಷದ ಓದುಗಳೂ ನಿಂತಿರುವುದು ಅಲ್ಲಿಯೇ, ತನ್ನ ಕತೆಯ ಮಧ್ಯದಲ್ಲಿ. ಸಾಧಕರ ಕತೆ ಓದಿದರೆ ಹುರುಪು ಬರುತ್ತದೆ, ನಿಜ. ಕಾದಂಬರಿ ಜೊತೆಯಲ್ಲಿ ಕೂರುತ್ತದೆ. ಮಕ್ಕಳಿಗೆ ಎರಡನ್ನೂ ಕೊಡಬೇಕು ಅನ್ನುತ್ತೇನೆ. ನಾವು ಒಂದನ್ನೇ ಕೊಡುತ್ತಾ ಬಂದಿದ್ದೇವೆ.

ಹಳ್ಳಿಯ ಮಕ್ಕಳಿಗೆ ಪುಸ್ತಕ ಎಲ್ಲಿ ಸಿಗುತ್ತದೆ ಅಂತ ಕೇಳುವವರಿಗೆ, ಗ್ರಾಮ ಪಂಚಾಯಿತಿ ಗ್ರಂಥಾಲಯಕ್ಕೆ ಒಮ್ಮೆ ಹೋಗಿ ನೋಡಿ. ಈಗ ಅರಿವು ಕೇಂದ್ರ ಅನ್ನುತ್ತಾರೆ. 2020ರಲ್ಲಿ 'ಓದುವ ಬೆಳಕು' ಶುರುವಾದ ಮೇಲೆ ಶಾಲಾ ಮಕ್ಕಳಿಗೆ ಸದಸ್ಯತ್ವ ಪುಕ್ಕಟೆ. ಬೇಕಾದ ಪುಸ್ತಕ ಇಲ್ಲದಿದ್ದರೆ ಬಾಯಿಬಿಟ್ಟು ಕೇಳಿ.

ಕೊನೆಗೆ ಕತೆಯ ಕೊನೆ. ನಮ್ಮ ರೈಲಿನ ಹುಡುಗಿಯ ಕತೆ ಹೇಗೆ ಮುಗಿಯಬೇಕು ಅಂತ ಇವಳನ್ನೇ ಕೇಳಿದೆ. ಮೊದಲು, "ಅಪ್ಪ ಐಟಿಐ ಫಾರಂಗೆ ಸೈನ್ ಹಾಕ್ತಾನೆ, ಎಲ್ಲರೂ ಖುಷಿ" ಅಂದಳು. ಮರುದಿನ ತಾನೇ ಫೋನ್ ಮಾಡಿ ಬದಲಾಯಿಸಿದಳು. ಸೈನ್ ಬೇಡವಂತೆ. ಅಪ್ಪ ಕಣ್ಣಿನ ಡಾಕ್ಟರ ಹತ್ತಿರ ಕರೆದುಕೊಂಡು ಹೋಗುತ್ತಾನಂತೆ. ದಾರಿಯಲ್ಲಿ ಗೇಟು. ಈ ಸಲ ಹುಡುಗಿಯೇ, "ಅಪ್ಪ, ನಿಲ್ಲಿಸು" ಅನ್ನುತ್ತಾಳಂತೆ. ಡಾಕ್ಟರು ಏನು ಹೇಳಿದರು ಅಂತ ಬರೆಯುವುದೇ ಇಲ್ಲವಂತೆ. ಕತೆ ಪೂರ್ತಿ ಕಟ್ಟಿದ್ದು ನಾನು, ಅದಕ್ಕೆ ತಕ್ಕ ಕೊನೆ ಕಂಡದ್ದು ಅವಳು. ಗೆದ್ದಳೋ ಸೋತಳೋ ಅನ್ನುವುದಕ್ಕಿಂತ ಅಪ್ಪ ಮಗಳು ಒಂದೇ ಕಡೆ ನೋಡುತ್ತಾ ನಿಂತರು ಅನ್ನುವಲ್ಲಿ ಅವಳು ನಿಲ್ಲಿಸಿದಳು. ಇಂಥ ಕಾದಂಬರಿಗಳಲ್ಲಿ ಒಳ್ಳೆಯವು ಮುಗಿಯುವುದು ಹಾಗೆಯೇ.

ಮೊದಲು ಕೊಟ್ಟ ಆ ಪುಸ್ತಕ ಈಗ ಅಕ್ಕನ ಕೈಯಲ್ಲಿದೆ. ನಮ್ಮ ಜಗಳ ಕೇಳಿ ಕೇಳಿ, "ಅದೇನಿದೆ ಅದರಲ್ಲಿ ನೋಡೇ ಬಿಡೋಣ" ಅಂತ ತೆಗೆದುಕೊಂಡಳಂತೆ. ರಾತ್ರಿ ಪಾತ್ರೆ ತೊಳೆದ ಮೇಲೆ ಅಡುಗೆಮನೆಯಲ್ಲೇ ಕೂತು ಐದಾರು ಪುಟ ಓದುತ್ತಾಳೆ. ಗುರುತಿಗೆ ಕರೆಂಟ್ ಬಿಲ್ ಮಡಚಿ ಇಟ್ಟಿದ್ದಾಳೆ. ಇವಳು ದಿನಾ ಬೆಳಗ್ಗೆ ಎದ್ದ ತಕ್ಷಣ ಬಿಲ್ ಎಷ್ಟು ಮುಂದೆ ಹೋಗಿದೆ ಅಂತ ನೋಡಿ ನನಗೆ ವರದಿ ಒಪ್ಪಿಸುತ್ತಾಳೆ. ನಿನ್ನೆ ಆ ಅಮ್ಮ 'ಬೇಡ' ಅನ್ನುವ ಅಧ್ಯಾಯದ ಹತ್ತಿರ ಇತ್ತಂತೆ. "ಚಿಕ್ಕಮ್ಮ, ಇನ್ನು ಮೂರೇ ಪುಟ" ಅಂದಳು, ದನಿ ತಗ್ಗಿಸಿ, ಅಮ್ಮನಿಗೆ ಕೇಳಿಸದ ಹಾಗೆ.